ಅರ್ಥಿಂಗ್ ಇಲ್ಲದ ಕೋಣೆ

ಮಗಳು ಆಟದ ಕಂಪ್ಯೂಟರ್ ಬೇಕು ಎಂದು ಕೇಳಿದಾಗ ನಾನು ಅವಳಿಗೆ ಹಾಕಿದ ಮೊದಲ ಪ್ರಶ್ನೆ, ಅದರ ಪ್ಲಗ್ಗಿಗೆ ಎಷ್ಟು ಪಿನ್ನು ಇರುತ್ತವೆ ಎಂದು. ಅವಳು ನಕ್ಕು ಮಲಯಾಳಂನಲ್ಲೇ "ಮೂನ್ನು" ಎಂದಳು, ಮೂರು. ಹಾಗಾದರೆ ನಮ್ಮ ಮನೆಯಲ್ಲಿ ಆಗುವುದಿಲ್ಲ ಎಂದು ಹೇಳಿ ಅಡಿಗೆಮನೆಗೆ ಹೋದೆ. ಅವಳು ಇರುವ ಕೋಣೆಯಲ್ಲಿ ಎರಡು ಪಿನ್ನಿನ ಸಾಕೆಟ್ಟುಗಳು ಮಾತ್ರ ಇದ್ದವು.

ಆಗ ನಾವು ಎಡಪ್ಪಳ್ಳಿಯಲ್ಲಿ ರೈಲುಹಳಿಗೆ ಹತ್ತಿರದ ಒಂದು ಹಳೆಯ ಮನೆಯ ಕೆಳಭಾಗದಲ್ಲಿ ಬಾಡಿಗೆಗೆ ಇದ್ದೆವು. ನನ್ನ ಬ್ಯಾಂಕು ನನ್ನನ್ನು ಕೊಚ್ಚಿಗೆ ವರ್ಗ ಮಾಡಿತ್ತು. ನನ್ನ ಗಂಡ ತಿರುವನಂತಪುರದ ಬಾಹ್ಯಾಕಾಶ ಸಂಸ್ಥೆಯಲ್ಲಿ ಇಂಜಿನಿಯರು. ಅಲ್ಲೇ ಹತ್ತಿರದ ಕಳಕ್ಕೂಟಂನಲ್ಲಿ ಒಂದು ರೂಮು ಮಾಡಿಕೊಂಡಿದ್ದು, ಶನಿವಾರ ರೈಲು ಹಿಡಿದು ಬರುತ್ತಿದ್ದರು, ಭಾನುವಾರ ಹೊರಟುಬಿಡುತ್ತಿದ್ದರು. ಇಬ್ಬರೂ ಹುಬ್ಬಳ್ಳಿಯವರು. ಮಗಳನ್ನು ಸೊಂಟದ ಮೇಲೆ ಎತ್ತಿಕೊಂಡು ಕೇರಳಕ್ಕೆ ಬಂದಿದ್ದೆವು. ಆಗ ಅವಳು ಹೈಸ್ಕೂಲಿನಲ್ಲಿದ್ದಳು. ನಾವು ಆಡುವ ಕನ್ನಡ ಅವಳಿಗೆ ಪೂರ್ತಿ ತಿಳಿಯುತ್ತಿತ್ತು, ಉತ್ತರ ಮಾತ್ರ ಮಲಯಾಳಂನಲ್ಲಿ.

ಕರೆಂಟಿನ ಬಗ್ಗೆ ನನಗಿದ್ದ ಹೆದರಿಕೆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನಾನು ಚಿಕ್ಕವಳಿದ್ದಾಗ, ಹುಬ್ಬಳ್ಳಿಯ ನಮ್ಮ ಬಚ್ಚಲಮನೆಯಲ್ಲಿ, ನೀರು ಕಾಯಿಸಲು ಬಕೆಟ್ಟಿನಲ್ಲಿ ಕಾಯಿಲ್ ಇಟ್ಟಿದ್ದರು. ಅಣ್ಣ ಕಾಲೇಜಿಗೆ ಹೊತ್ತಾಯಿತೆಂದು ನೀರು ಬಿಸಿಯಾಗಿದೆಯೇ ಎಂದು ಬೆರಳು ಅದ್ದಿ ನೋಡಿದ. ನಾನು ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿದ್ದೆ. ಅವನು ಕೂಗಲಿಲ್ಲ. ಏನೋ ನೆನಪಾದವನ ಹಾಗೆ ಸುಮ್ಮನೆ ಬಗ್ಗಿ ನಿಂತೇ ಇದ್ದ. ಅವ್ವ ಓಡಿಬಂದು ಕೂಡುವ ಮಣೆಯಿಂದ ಅವನ ಕೈಗೆ ಹೊಡೆದು ಬಿಡಿಸುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅಂದಿನಿಂದ ನಾನು ಸ್ವಿಚ್ ಹಾಕಬೇಕಾದರೆ ಕಾಲಲ್ಲಿ ರಬ್ಬರ್ ಚಪ್ಪಲಿ ಇದೆಯೇ ಎಂದು ನೋಡಿಕೊಳ್ಳುತ್ತೇನೆ. ಮದುವೆಯಲ್ಲಿ ಬಂದ ಮಿಕ್ಸಿಯನ್ನು ನಾದಿನಿಗೆ ಕೊಟ್ಟೆ. ಇಸ್ತ್ರಿ ಹೊರಗೆ ಕೊಡಿಸುತ್ತೇನೆ. ಬ್ಯಾಂಕಿಗೆ ಕಂಪ್ಯೂಟರ್ ಬಂದಾಗ ಟರ್ಮಿನಲ್ಲಿನ ಸ್ವಿಚ್ಚನ್ನು ಪ್ಯೂನ್ ಹಾಕಿ ಕೊಡುವವರೆಗೂ ಕುರ್ಚಿಯಲ್ಲಿ ಕೈ ಕಟ್ಟಿ ಕೂರುತ್ತಿದ್ದೆ.

ಮಗಳು ಬಿಡಲಿಲ್ಲ. ಅವಳ ಗೆಳತಿಯ ತಂದೆ ಗಲ್ಫಿನಿಂದ ಒಂದು ಕಂಪ್ಯೂಟರ್ ತಂದಿದ್ದರು. ಶಾಲೆ ಬಿಟ್ಟ ಮೇಲೆ ಅವರ ಮನೆಗೆ ಹೋಗಿ ಕಾರಿನ ಆಟ ಆಡಿ ಬರುತ್ತಿದ್ದಳು. ತಿಂಗಳಿಗೊಮ್ಮೆ ಬರುವ ಕಂಪ್ಯೂಟರ್ ಪತ್ರಿಕೆಯನ್ನು ಬಾಯಿಪಾಠ ಮಾಡಿದ್ದಳು. ನನ್ನ ಗಂಡನೂ ಅವಳ ಪಕ್ಷ. ಕಂಪೆನಿಯ ಸಿದ್ಧ ಕಂಪ್ಯೂಟರು ನಮ್ಮ ಕೈಗೆ ಎಟಕುವುದಲ್ಲ, ಬಿಡಿಭಾಗ ಆರಿಸಿ ತಂದು ಮನೆಯಲ್ಲೇ ಜೋಡಿಸೋಣ ಎಂದರು. ಮನೆಯಲ್ಲೇ ಜೋಡಿಸುವುದು ಎಂದರೆ ಡಬ್ಬಿ ತೆರೆದು ಒಳಗೆ ಕೈ ಹಾಕುವುದು. ಆದರೆ ಇಬ್ಬರ ಮುಖ ನೋಡಿ ಬೇಡ ಎನ್ನಲು ಆಗಲಿಲ್ಲ. "ಸಾಮಾನು ಆರಸೂ ಮುಂದ ನಾನೂ ಬರತೀನಿ" ಎಂದಷ್ಟೇ ಹೇಳಿದೆ.

ಶನಿವಾರ ಬ್ಯಾಂಕು ಅರ್ಧ ದಿನ. ಎರ್ನಾಕುಳಂನ ದೊಡ್ಡ ರಸ್ತೆಯಿಂದ ಒಳಗೆ ಹೋಗುವ ಒಂದು ಓಣಿಯಲ್ಲಿ, ಮಹಡಿಯ ಮೇಲೆ ಆ ಅಂಗಡಿ. ಗೋಡೆಯ ತುಂಬ ರಟ್ಟಿನ ಪೆಟ್ಟಿಗೆಗಳು. ಅಂಗಡಿಯವರು ಗಲ್ಫಿನಲ್ಲಿ ಇದ್ದು ಬಂದವರು, ನಿಧಾನವಾಗಿ ಮಾತಾಡುವ ಮನುಷ್ಯ. ಮಗಳು ನೇರವಾಗಿ ಗ್ರಾಫಿಕ್ಸ್ ಕಾರ್ಡಿನ ಕಪಾಟಿಗೆ ಹೋದಳು. ಕಾರಿನ ಆಟದ ರಸ್ತೆ, ಮರ, ಹೊಗೆ ಎಲ್ಲ ನಿಜದ ಹಾಗೆ ಕಾಣಬೇಕಾದರೆ ಆ ಕಾರ್ಡು ಬೇಕಂತೆ. ಗಂಡ ಪ್ರೊಸೆಸರುಗಳನ್ನು ಕೇಳುತ್ತಿದ್ದರು. ದೊಡ್ಡ ಹೆಸರಿನದು ಒಂದು, ಅದರ ಕೆಲಸವನ್ನೇ ಅಗ್ಗದಲ್ಲಿ ಮಾಡುವ ಇನ್ನೊಂದು. ನಾನು ಮೇಜಿನ ಮೇಲೆ ತೆರೆದಿಟ್ಟಿದ್ದ ಖಾಲಿ ಕ್ಯಾಬಿನೆಟ್ಟಿನೊಳಗೆ ನೋಡುತ್ತಿದ್ದೆ.

ಪವರ್ ಸಪ್ಲೈ ಎಂಬ ಲೋಹದ ಡಬ್ಬಿಯಿಂದ ದಪ್ಪನೆಯ ಕಪ್ಪು ಕೇಬಲ್ಲು ಹೊರಟು ಕ್ಯಾಬಿನೆಟ್ಟಿನ ಮುಂಭಾಗದ ಸ್ವಿಚ್ಚಿನ ತನಕ ಬಂದಿತ್ತು. ಅದರ ತುದಿಯಲ್ಲಿ ನಾಲ್ಕು ಬಣ್ಣದ ವಾಯರುಗಳು ಚಾಚಿಕೊಂಡಿದ್ದವು.

"ಇದರೊಳಗ ಎಷ್ಟು ಕರೆಂಟು ಬರತದ?" ಎಂದು ಗಂಡನನ್ನು ಕೇಳಿದೆ. ಅವರು ಉತ್ತರಿಸುವ ಮೊದಲೇ ಅಂಗಡಿಯವರಿಗೆ ನನ್ನ ಬೆರಳು ತೋರುವ ಕಡೆ ನೋಡಿ ಅರ್ಥವಾಯಿತು.

"ಅದು ಮೈನ್ಸ್ ತನ್ನೆ, ಚೇಚಿ" ಎಂದರು, ಮೈನ್ಸೇ ಅಕ್ಕಾ ಎಂದು. ಗೋಡೆಯ ಸಾಕೆಟ್ಟಿನಲ್ಲಿ ಇರುವುದೇ ನೇರವಾಗಿ ಅಲ್ಲಿಗೂ ಬರುತ್ತದೆ. ಆ ನಾಲ್ಕು ವಾಯರುಗಳನ್ನು ಜೋಡಿಸುವವನೇ ಸ್ವಿಚ್ಚಿಗೆ ಸಿಕ್ಕಿಸಬೇಕು. ತಪ್ಪಿದರೆ ಮನೆಯ ಫ್ಯೂಸು ಹಾರುತ್ತದೆ, ಅದಕ್ಕೇ ಬಣ್ಣ ನೋಡಿ ಹಾಕಬೇಕು ಎಂದು ಅವರು ಸಮಾಧಾನದಿಂದ ಹೇಳಿದರು.

ಮಗಳ ಬೆರಳು ದಿನಾ ಒತ್ತುವ ಸ್ವಿಚ್ಚಿನ ಹಿಂದೆ ಅಷ್ಟು ಕರೆಂಟು. ನನ್ನ ಕೈ ತಾನೇ ತಾನಾಗಿ ಹಿಂದಕ್ಕೆ ಬಂತು. ಬೇರೆ ಥರದ್ದು ಇಲ್ಲವೇ ಎಂದು ಕೇಳಿದೆ. ಇತ್ತು. ಹೊಸ ಬಗೆಯ ಕ್ಯಾಬಿನೆಟ್ಟು. ಅದರ ಮುಂಭಾಗದ ಸ್ವಿಚ್ಚಿಗೆ ಬರುವುದು ದಾರದಂಥ ಎರಡು ಎಳೆ, ಅದರಲ್ಲಿ ಟಾರ್ಚಿನ ಸೆಲ್ಲಿನಲ್ಲಿ ಇರುವಷ್ಟೇ ಕರೆಂಟು. ಆದರೆ ಆ ಕ್ಯಾಬಿನೆಟ್ಟಿಗೆ ಹಳೆಯ ಮದರ್‌ಬೋರ್ಡು ಹೊಂದುವುದಿಲ್ಲ, ಹೊಸದೇ ಬೇಕು. ಎರಡಕ್ಕೂ ಹೆಚ್ಚು ಬೆಲೆ. ಮಗಳು ಅಷ್ಟರಲ್ಲೇ ಲೆಕ್ಕ ಹಾಕಿ ಮುಗಿಸಿದ್ದಳು. ಇದನ್ನು ಕೊಂಡರೆ ಗ್ರಾಫಿಕ್ಸ್ ಕಾರ್ಡು ಇಲ್ಲ.

"ಕಾರ್ಡಿಲ್ಲಾದೆ ಕಳಿಕ್ಕಾನ್ ಪಟ್ಟಿಲ್ಲಮ್ಮೇ" ಎಂದಳು. ಕಾರ್ಡಿಲ್ಲದೆ ಆಡಲು ಆಗುವುದಿಲ್ಲ. ಕಣ್ಣು ತುಂಬಿತ್ತು.

ಕೆಳಗಿಳಿದು ಲಿಂಬೆ ಸೋಡದ ಅಂಗಡಿಯ ಮುಂದೆ ನಿಂತೆವು. ಗಂಡ ಮೆಲ್ಲಗೆ, "ನಾಲ್ಕು ವಾಯರ್ ಅಷ್ಟ. ನಾನs ಜೋಡಸ್ತೀನಿ. ದಿನಾ ಇದಕಿಂತ ದೊಡ್ಡ ಕೆಲಸ ಮಾಡ್ತೀನಲ್ಲ" ಎಂದರು.

"ನೀವು ಜೋಡಸ್ತೀರಿ, ಖರೆ. ಭಾನುವಾರ ಹೋಗತೀರಿ. ಆಮ್ಯಾಲೆ ಆ ಸ್ವಿಚ್ಚು ಒತ್ತಾಕಿ ಅಕಿ. ನಾನು ಬ್ಯಾಂಕಿನ್ಯಾಗ ಇರತೀನಿ."

"ಲಕ್ಷಗಟ್ಟಲೆ ಮಂದಿ ಅದನ್ನs ಬಳಸ್ತಾರ."

"ಕಾಯಿಲ್‌ನೂ ಬಳಸ್ತಾರ್ರೀ" ಎಂದೆ. ಅವರು ಸೋಡ ಮುಗಿಸಿ ಮಗಳ ಹೆಗಲ ಮೇಲೆ ಕೈಯಿಟ್ಟು, "ಈಗ ಇದು ತಗೊಳ್ಳೂಣು. ಕಾರ್ಡು ಮುಂದ ಹಾಕಲಿಕ್ಕೆ ಬರತದ. ಸ್ವಿಚ್ಚು ಮುಂದ ಬದಲಸ್ಲಿಕ್ಕೆ ಬರೂದಿಲ್ಲ" ಎಂದರು.

ಹಾಗೆ ಆ ಕಂಪ್ಯೂಟರಿನ ಬಿಡಿಭಾಗಗಳೆಲ್ಲ ನನ್ನ ಹೆದರಿಕೆಗೆ ತಕ್ಕಂತೆ ಆರಿಸಲ್ಪಟ್ಟವು. ಪ್ರೊಸೆಸರು ಅಗ್ಗದ್ದು. ಮೆಮೊರಿ ಮಗಳು ಕೇಳಿದ್ದರ ಅರ್ಧ. ಕೀಬೋರ್ಡು ಅಂಗಡಿಯಲ್ಲಿ ಎಲ್ಲಕ್ಕಿಂತ ಕಡಿಮೆಯದು. ಚಿತ್ರ ತೋರಿಸಲು ಬೋರ್ಡಿನಲ್ಲೇ ಇದ್ದ ಸಣ್ಣ ಚಿಪ್ಪು. ಪವರ್ ಸಪ್ಲೈ ಮಾತ್ರ ಎರಡು ಮೂರನ್ನು ಕೈಯಲ್ಲಿ ಎತ್ತಿ ನೋಡಿ ಭಾರವಾದದ್ದನ್ನು ಕೊಂಡೆವು. ಭಾರವಿದ್ದರೆ ಒಳಗೆ ಸಾಮಾನು ಸರಿಯಾಗಿ ಹಾಕಿರುತ್ತಾರೆ ಎಂದು ಅಂಗಡಿಯವರೇ ಹೇಳಿದ್ದರು. ಬಸ್ಸಿನಲ್ಲಿ ಮಾನಿಟರಿನ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮಗಳು ಕಿಟಕಿಯ ಹೊರಗೆ ನೋಡುತ್ತ ಕೂತಳು.

ಇನ್ನು ಅರ್ಥಿಂಗಿನ ಪ್ರಶ್ನೆ. ಮೂರನೆಯ ಪಿನ್ನು ನೆಲಕ್ಕೆ ಹೋಗುವ ವಾಯರಿಗೆ ಸೇರಿರಬೇಕು, ಆಗ ಡಬ್ಬಿಗೆ ಕರೆಂಟು ಸೋರಿದರೂ ಮುಟ್ಟಿದವರ ಮೈಗೆ ಬಾರದೆ ಮಣ್ಣಿಗೆ ಹೋಗುತ್ತದೆ ಎಂಬುದು ನನಗೆ ಅಣ್ಣ ಹೋದ ಮೇಲೆ ಯಾರೋ ಹೇಳಿ ಗೊತ್ತಿತ್ತು. ಎಲೆಕ್ಟ್ರಿಷಿಯನ್ ಬಂದು ಪರೀಕ್ಷಿಸಿದರೆ, ಇಡೀ ಮನೆಗೇ ಅರ್ಥಿಂಗ್ ಇರಲಿಲ್ಲ. ಅಡಿಗೆಮನೆಯ ಮೂರು ತೂತಿನ ಸಾಕೆಟ್ಟಿನ ಮೇಲಿನ ತೂತಿನ ಹಿಂದೆ ಏನೂ ಇರಲಿಲ್ಲ, ಬರಿ ಜೇಡರ ಬಲೆ. ಇಷ್ಟು ದಿನ ಅಲ್ಲಿ ಫ್ರಿಜ್ಜು ನಡೆದಿತ್ತು. ಅದನ್ನು ನಾನು ದಿನಾ ಮುಟ್ಟುತ್ತಿದ್ದೆ. ಆ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಮನೆಯ ಒಡತಿ ಮೇಲಿನ ಮಹಡಿಯಲ್ಲಿ ಒಬ್ಬರೇ ಇದ್ದರು. ನಿವೃತ್ತ ಶಿಕ್ಷಕಿ, ಎಲ್ಲರೂ ಟೀಚರ್ ಎನ್ನುತ್ತಿದ್ದರು. ಹಿತ್ತಲಲ್ಲಿ ಗುಂಡಿ ತೋಡಿ ಅರ್ಥಿಂಗ್ ಹಾಕಿಸಬೇಕು ಎಂದಾಗ ಅವರಿಗೆ ಸರಿಬರಲಿಲ್ಲ. ಕರಿಬೇವಿನ ಗಿಡದ ಬೇರು ಹಾಳಾಗುತ್ತದೆ, ಇಷ್ಟು ವರ್ಷ ಯಾರಿಗೆ ಏನಾಗಿದೆ ಎಂದರು. ನನ್ನ ಹರಕು ಮಲಯಾಳಂನಲ್ಲಿ ಅವರಿಗೆ ಅಣ್ಣನ ವಿಷಯ ಹೇಳಿದೆ. ಬಕೆಟ್ಟು, ನೀರು, ಬೆರಳು. ಇಷ್ಟೇ ಹೇಳಲು ಬಂತು. ಟೀಚರ್ ನನ್ನ ಕೈ ಹಿಡಿದುಕೊಂಡರು. "ಗಿಡದ ಆ ಕಡೆ ತೋಡಿಸು ಮೋಳೆ" ಎಂದರು. ಮಗಳೇ ಎಂದು ಅವರು ನನ್ನನ್ನು ಕರೆದದ್ದು ಅದೇ ಮೊದಲು.

ಗುಂಡಿ ತೋಡಿದರೆ ಮೊಣಕಾಲಿನ ಆಳಕ್ಕೇ ನೀರು ಬಂತು. ಇದ್ದಿಲು, ಉಪ್ಪು, ಕೊಳವೆ ಎಲ್ಲ ಹಾಕಿ ಕಿಟಕಿಯ ಮೂಲಕ ಮಗಳ ಕೋಣೆಗೂ ಅಡಿಗೆಮನೆಗೂ ವಾಯರು ಎಳೆದು, ಅವಳ ಕೋಣೆಯಲ್ಲಿ ಮೂರು ತೂತಿನ ಸಾಕೆಟ್ಟು ಕೂರಿಸಿದರು. ಎಲೆಕ್ಟ್ರಿಷಿಯನ್ ಬಲ್ಬಿನ ಒಂದು ವಾಯರನ್ನು ಕರೆಂಟಿನ ತೂತಿಗೂ ಇನ್ನೊಂದನ್ನು ಮೇಲಿನ ತೂತಿಗೂ ಇಟ್ಟಾಗ ಅದು ಹೊತ್ತಿತು. ನಾನು ಮತ್ತೊಮ್ಮೆ ತೋರಿಸಿ ಎಂದೆ.

ಮುಂದಿನ ಭಾನುವಾರ ಗಂಡ ಜೋಡಿಸಲು ಕೂತರು. ನಾನು ರಬ್ಬರ್ ಚಪ್ಪಲಿ ಹಾಕಿ, ಮರದ ಹಲಗೆಯ ಮೇಲೆ, ಬಟ್ಟೆ ಒಣಹಾಕುವ ಕೋಲು ಹಿಡಿದು ನಿಂತಿದ್ದೆ. ಅವರನ್ನು ಹೊಡೆದು ಬಿಡಿಸಬೇಕಾದರೆ ಎಲ್ಲಿ ಹೊಡೆಯಬೇಕು ಎಂದು ಮನಸ್ಸಿನಲ್ಲೇ ಗುರುತು ಮಾಡಿಕೊಂಡಿದ್ದೆ. ತಂದೆ ಮಗಳು ಒಬ್ಬರ ಮುಖ ಒಬ್ಬರು ನೋಡಿ ನಗು ತಡೆದುಕೊಳ್ಳುತ್ತಿದ್ದರು. ನನಗೆ ನಗು ಬರಲಿಲ್ಲ. ಎಲ್ಲ ಕೂಡಿಸಿ ಸ್ವಿಚ್ ಒತ್ತಿದಾಗ ಫ್ಯಾನು ತಿರುಗಿತು, ಏನೋ ಉದ್ದವಾಗಿ ಕೂಗತೊಡಗಿತು, ಪರದೆ ಕಪ್ಪಾಗಿಯೇ ಇತ್ತು. ಅವರು ಹಾಗೇ ಒಳಗೆ ಕೈ ಹಾಕಹೋದರು.

"ಪ್ಲಗ್ಗು ತಗೀರಿ ಮೊದಲ" ಎಂದು ನಾನು ಎಷ್ಟು ಗಟ್ಟಿಯಾಗಿ ಕೂಗಿದೆನೆಂದರೆ ಮೇಲಿನಿಂದ ಟೀಚರ್ ಏನಾಯಿತೆಂದು ಕೇಳಿದರು.

ಪ್ಲಗ್ಗು ತೆಗೆದು, ಮೆಮೊರಿಯ ಪಟ್ಟಿಯನ್ನು ಕಳಚಿ ಮತ್ತೆ ಗಟ್ಟಿಯಾಗಿ ಒತ್ತಿದ ಮೇಲೆ ಪರದೆಯಲ್ಲಿ ಅಕ್ಷರಗಳು ಮೂಡಿದವು. ಎಲ್ಲರೂ ಉಸಿರು ಬಿಟ್ಟರು. ನಾನು ಹತ್ತಿರ ಹೋಗಿ ಬೆರಳಿನ ಹಿಂಭಾಗದಿಂದ ಕ್ಯಾಬಿನೆಟ್ಟನ್ನು ಮುಟ್ಟಿದೆ. ಕರೆಂಟು ಹೊಡೆದರೆ ಕೈ ಹಿಡಿದುಕೊಳ್ಳದೆ ಬಿಟ್ಟುಬರಲಿ ಎಂದು ಹಾಗೆ. ಜುಮ್ಮೆನ್ನಲಿಲ್ಲ.

ಆಮೇಲೆ ನಾನು ನಿಯಮಗಳನ್ನು ಮಾಡಿದೆ. ಚಪ್ಪಲಿ ಇಲ್ಲದೆ ಕೂರಬಾರದು. ಕೈ ಒದ್ದೆಯಿರಬಾರದು. ದೂರದಲ್ಲಿ ಗುಡುಗು ಕೇಳಿದರೂ ಪ್ಲಗ್ಗು ಕಿತ್ತು, ಕಾಲು ಮೇಲೆ ಮಾಡಿ ಹಾಸಿಗೆಯ ನಡುವೆ ಕೂರಬೇಕು, ಕಬ್ಬಿಣ ಮುಟ್ಟಬಾರದು. ಮಗಳು ದಿನಾ ಕೇಳಿಸಿಕೊಳ್ಳುತ್ತಿದ್ದಳು. ಕಾರಿನ ಆಟ ಆ ಕಂಪ್ಯೂಟರಿನಲ್ಲಿ ತಡವರಿಸಿ ತಡವರಿಸಿ ಓಡುತ್ತಿತ್ತು. ಅವಳು ಅದನ್ನು ಬಿಟ್ಟು ಇಟ್ಟಿಗೆ ಜೋಡಿಸುವಂಥ ಸಣ್ಣ ಆಟಗಳನ್ನು ಆಡತೊಡಗಿದಳು. ಒಟ್ಟಿನಲ್ಲಿ ಸುಖವಾಗಿದ್ದಳು.

ತುಲಾಮಾಸ ಬಂತು. ಕೇರಳದಲ್ಲಿ ಆಗ ಬೆಳಗ್ಗೆಯೆಲ್ಲ ಬಿಸಿಲು, ಮಧ್ಯಾಹ್ನ ದಾಟುತ್ತಿದ್ದಂತೆ ಪೂರ್ವದಿಂದ ಮೋಡ ಎದ್ದು ಸಿಡಿಲು. ಒಂದು ದಿನ ಬ್ಯಾಂಕಿನಲ್ಲಿ ಲೆಕ್ಕ ಮುಗಿಸುವ ಹೊತ್ತಿಗೆ ಹೊರಗೆ ಕತ್ತಲಾಯಿತು. ಶಾಲೆ ಬಿಟ್ಟು ಮಗಳು ಮನೆಗೆ ಬಂದಿರುವ ಸಮಯ. ಆಕಾಶ ಬಿರಿದಂಥ ಸದ್ದಾದಾಗ ಕೌಂಟರಿನ ಗಾಜು ಅದುರಿತು. ಟೀಚರ ಮನೆಗೆ ಫೋನು ಮಾಡಿದೆ. ರಿಂಗೇ ಆಗಲಿಲ್ಲ. ಮತ್ತೆ ಮಾಡಿದೆ. ಸತ್ತ ಲೈನು.

ಮ್ಯಾನೇಜರಿಗೆ ಹೇಳಿ ಓಡಿದೆ. ಬಸ್ಸು ಪಾಲಾರಿವಟ್ಟಂ ಹತ್ತಿರ ನೀರಿನಲ್ಲಿ ನಿಂತುಬಿಟ್ಟಿತು. ಇಳಿದು ನಡೆದೆ. ಕೊಡೆಯ ಕಡ್ಡಿ ಕಬ್ಬಿಣದ್ದೆಂದು ಅದನ್ನು ಬಿಚ್ಚಲಿಲ್ಲ. ಒಂದೊಂದು ಮಿಂಚಿಗೂ ರಸ್ತೆ ಬೆಳ್ಳಗಾಗುತ್ತಿತ್ತು. ನಾನು ಅಷ್ಟು ದಿನ ಹೇಳಿದ ನಿಯಮಗಳಲ್ಲಿ ಯಾವುದನ್ನಾದರೂ ಹೇಳಲು ಮರೆತಿದ್ದೇನೆಯೇ ಎಂದು ಮತ್ತೆ ಮತ್ತೆ ಎಣಿಸುತ್ತಿದ್ದೆ. ನಮ್ಮ ಓಣಿಗೆ ತಿರುಗಿದರೆ ಅಲ್ಲಿ ಜನ. ಪಕ್ಕದ ಹಿತ್ತಲಿನ ತೆಂಗಿನ ಮರದ ತಲೆ ಹೊಗೆಯಾಡುತ್ತಿತ್ತು. ಟೀಚರ್ ಗೇಟಿನಲ್ಲಿ ನಿಂತು, ತಮ್ಮ ಟಿವಿ ಢಬ್ ಎಂದು ಸುಟ್ಟುಹೋಯಿತು, ಕೆಳಗೆ ಬಾಗಿಲು ಬಡಿದರೂ ಮಗು ತೆರೆಯುತ್ತಿಲ್ಲ ಎಂದರು.

ಒಳಗಿನಿಂದ ಚಿಲಕ ಹಾಕಿತ್ತು. ಕೂಗಿದೆ, ಬಡಿದೆ. ಉತ್ತರವಿಲ್ಲ. ಸುತ್ತಿಕೊಂಡು ಅವಳ ಕೋಣೆಯ ಕಿಟಕಿಗೆ ಓಡಿದೆ. ಒಳಗೆ ನೋಡುವ ಮೊದಲು ಒಂದು ಗಳಿಗೆ ಗೋಡೆಗೆ ಕೈಯೂರಿ ನಿಂತೆ. ನೋಡಲು ಧೈರ್ಯ ಬರಲಿಲ್ಲ.

ಅವಳು ಹಾಸಿಗೆಯ ನಡುವೆ ಕಾಲು ಮಡಚಿ, ಎರಡೂ ಕೈಯಿಂದ ಕಿವಿ ಮುಚ್ಚಿ ಕೂತಿದ್ದಳು. ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು. ಚಪ್ಪಲಿ ಕಾಲಲ್ಲೇ ಇತ್ತು. ನನ್ನನ್ನು ಕಂಡು ಬಾಯಿ ಅಲುಗಿತು.

"ಬಾಗಲಾ ತಗಿಯವಾ" ಎಂದೆ.

"ವಾತಿಲ್ ತೊಡಾನ್ ಪೇಡಿಯಾ ಅಮ್ಮೇ" ಎಂದಳು. ಬಾಗಿಲು ಮುಟ್ಟಲು ಹೆದರಿಕೆ. ಚಿಲಕ ಕಬ್ಬಿಣದ್ದಲ್ಲವೇ.

ಗುಡುಗು ದೂರವಾಗುವ ತನಕ ನಾನು ಕಿಟಕಿಯ ಹೊರಗೆ ಮಳೆಯಲ್ಲಿ ನಿಂತು ಅವಳೊಡನೆ ಮಾತಾಡುತ್ತಲೇ ಇದ್ದೆ. ಬ್ಯಾಂಕಿನದು, ಬಸ್ಸಿನದು, ಬಾಯಿಗೆ ಬಂದದ್ದು. ಕೊನೆಗೆ ಅವಳು ಕೈಗೆ ದಪ್ಪ ಟವೆಲ್ ಸುತ್ತಿಕೊಂಡು ಬಂದು ಚಿಲಕ ತೆಗೆದಳು.

ಅವಳಿಗೆ ಏನೂ ಆಗಿರಲಿಲ್ಲ. ಕಂಪ್ಯೂಟರಿಗೂ ಏನೂ ಆಗಿರಲಿಲ್ಲ. ಆದರೆ ಮರುದಿನದಿಂದ ಅವಳು ಅದನ್ನು ಮುಟ್ಟಲಿಲ್ಲ. ಅಷ್ಟೇ ಅಲ್ಲ, ದೀಪ ಹಾಕಲು ನನ್ನನ್ನು ಕರೆಯತೊಡಗಿದಳು. ಮಲಗುವಾಗಲೂ ಚಪ್ಪಲಿ ಬಿಚ್ಚಲಿಲ್ಲ. ಫ್ರಿಜ್ಜಿನ ಬಾಗಿಲನ್ನು ಲಂಗದ ಅಂಚಿನಿಂದ ಹಿಡಿದು ತೆರೆಯುವುದನ್ನು ನೋಡಿದೆ. ಆ ವಯಸ್ಸಿನಲ್ಲಿ ನಾನು ಹೀಗೇ ಇದ್ದೆ. ಸಿಡಿಲಿಗಿಂತ ಇದು ನನ್ನನ್ನು ಹೆಚ್ಚು ಹೆದರಿಸಿತು.

"ಹುಡುಗರು, ಮರೀತಾರ ಬಿಡು" ಎಂದರು ಗಂಡ ಫೋನಿನಲ್ಲಿ.

"ನಾನು ಮರತೇನೇನ್ರೀ?" ಎಂದೆ.

ಕ್ರಿಸ್ಮಸ್ ರಜೆಯಲ್ಲಿ ಅವಳನ್ನು ಕರೆದುಕೊಂಡು ತಿರುವನಂತಪುರಕ್ಕೆ ಹೋದೆ. ತಂಪಾನೂರಿನ ನಿಲ್ದಾಣದಲ್ಲಿ ರೈಲು ಇಳಿದು, ಕರೆದೊಯ್ಯಲು ಬಂದ ಗಂಡನಿಗೆ, ಹತ್ತಿರ ಕಂಪ್ಯೂಟರ್ ಅಂಗಡಿ ಇದೆಯೇ ಎಂದು ಕೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. ಲಾಡ್ಜುಗಳ ಸಾಲಿನ ನಡುವೆ ಒಂದು ಸಣ್ಣ ಅಂಗಡಿ ಇತ್ತು. ಗ್ರಾಫಿಕ್ಸ್ ಕಾರ್ಡು ತೋರಿಸಿ ಎಂದೆ. ಮಗಳು ದೂರ ನಿಂತಿದ್ದಳು. ಅಂಗಡಿಯವನು ಎರಡು ಪೆಟ್ಟಿಗೆ ಮುಂದಿಟ್ಟ. ನನಗೆ ಯಾವುದೂ ತಿಳಿಯುವುದಿಲ್ಲ, ಯಾವುದು ತೆಗೆದುಕೊಳ್ಳಲಿ ಎಂದು ಅವಳನ್ನು ಕೇಳಿದೆ.

"ವೇಂಡಮ್ಮೇ" ಎಂದಳು, ಬೇಡ. ಆದರೆ ಕಣ್ಣು ಪೆಟ್ಟಿಗೆಯ ಮೇಲಿನ ಸಣ್ಣ ಅಕ್ಷರಗಳನ್ನು ಓದುತ್ತಿತ್ತು. ಸ್ವಲ್ಪ ಹೊತ್ತಿಗೆ, ಎಡಗಡೆಯದು ನಮ್ಮ ಬೋರ್ಡಿಗೆ ಕೂರುವುದಿಲ್ಲ ಎಂದು ಗೊಣಗಿದಳು. ಬಲಗಡೆಯದನ್ನು ಕೊಂಡೆವು.

"ಮುಂದಿನ ವಾರ ಬಂದು ಹಾಕಿಕೊಡ್ತೀನಿ" ಎಂದರು ಗಂಡ.

"ಬ್ಯಾಡ. ನಾನs ಹಾಕ್ತೀನಿ."

ಹೇಳಿದ್ದು ನಾನೇ, ಆದರೆ ಎಡಪ್ಪಳ್ಳಿಗೆ ಹಿಂತಿರುಗುವ ದಾರಿಯುದ್ದಕ್ಕೂ ನನ್ನ ಬಾಯಿ ಒಣಗಿತ್ತು. ಮರುದಿನ ಬೆಳಗ್ಗೆ, ಬಿಸಿಲು ಚೆನ್ನಾಗಿ ಬಿದ್ದಿರುವಾಗ, ಅವಳ ಕೋಣೆಯಲ್ಲಿ ಕೂತೆ. ಪ್ಲಗ್ಗು ಕಿತ್ತಿದೆ ಎಂದು ಗೊತ್ತಿದ್ದರೂ ಮತ್ತೆ ಮತ್ತೆ ನೋಡಿದೆ. ಸ್ಕ್ರೂಡ್ರೈವರಿನಿಂದ ಕ್ಯಾಬಿನೆಟ್ಟಿನ ಮಗ್ಗುಲು ಬಿಚ್ಚಿದೆ. ಮಗಳು ಬಾಗಿಲ ಚೌಕಟ್ಟಿನಲ್ಲಿ ನಿಂತು ನೋಡುತ್ತಿದ್ದಳು. ಒಳಗೆ ಧೂಳು, ರಿಬ್ಬನ್ನಿನಂಥ ವಾಯರುಗಳು, ಸಾಲು ಸಾಲು ತೂತುಗಳು. ಉಸಿರು ಬಿಗಿಹಿಡಿದು ಕಾರ್ಡನ್ನು ಒಂದು ಬಿಳಿ ಸಾಲಿಗೆ ಇಟ್ಟೆ.

"ಅದಲ್ಲಮ್ಮೇ" ಎಂದಳು. "ಬ್ರೌನ್. ಬ್ರೌನಿಲಾಣ್."

ಕಂದು ಬಣ್ಣದ್ದಕ್ಕೆ ಇಟ್ಟೆ. ಕೂರಲಿಲ್ಲ. ಜೋರಾಗಿ ಒತ್ತಲು ಹೆದರಿಕೆ. ಅವಳು ಎರಡು ಹೆಜ್ಜೆ ಒಳಗೆ ಬಂದು ಇನ್ನೂ ಒತ್ತು ಎಂದಳು. ಕಟ್ ಎಂದು ಸದ್ದಾಗಿ ಅದು ಒಳಗೆ ಕೂತಿತು. ನನಗೆ ಬೆವರು ಇಳಿಯುತ್ತಿತ್ತು. ಮಗ್ಗುಲು ಮುಚ್ಚಿ, ಪ್ಲಗ್ಗು ಹಾಕಿ, ಗೋಡೆಯ ಸ್ವಿಚ್ಚನ್ನು ಬೆರಳಿನಿಂದಲೇ ಒತ್ತಿದೆ. ಆಮೇಲೆ ಕಂಪ್ಯೂಟರಿನದು. ಫ್ಯಾನು ತಿರುಗಿತು. ಪರದೆ ಕಪ್ಪು.

ನಾನು ಏನೋ ಸುಟ್ಟೆ ಎಂದುಕೊಂಡೆ. ಸುಟ್ಟ ವಾಸನೆಯೂ ಬಂದ ಹಾಗಾಯಿತು. ಎದ್ದು ಪ್ಲಗ್ಗು ಕೀಳಬೇಕೆನ್ನುವಷ್ಟರಲ್ಲಿ ಮಗಳು, ಮಾನಿಟರಿನ ಕೇಬಲ್ಲು ಹಳೆಯ ಜಾಗದಲ್ಲೇ ಇದೆ ಎಂದವಳೇ ನನ್ನನ್ನು ದಾಟಿ ಬಂದು, ಹಿಂದೆ ಕೈ ಹಾಕಿ ಕೇಬಲ್ಲನ್ನು ಕಿತ್ತು ಹೊಸ ಕಾರ್ಡಿಗೆ ಸಿಕ್ಕಿಸಿದಳು. ಪರದೆ ಬೆಳಗಿತು. ತಾನು ಬರಿಗೈಯಲ್ಲಿ ಮುಟ್ಟಿದೆ ಎಂದು ಅವಳಿಗೆ ಆಮೇಲೆ ಹೊಳೆಯಿತು. ಕೈಯನ್ನು ತಿರುಗಿಸಿ ನೋಡಿಕೊಂಡಳು. ನಾನೂ ನೋಡಿದೆ.

ಕಾರಿನ ಆಟ ಆ ದಿನ ತಡವರಿಸದೆ ಓಡಿತು. ಅವಳು ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಓಡಿಸಲು ಕೊಟ್ಟಳು. ನಾನು ಕಾರನ್ನು ಬೇಲಿಗೆ ಗುದ್ದಿ ನಿಲ್ಲಿಸಿದೆ.

ಮುಂದಿನ ವರ್ಷದ ತುಲಾಮಾಸದಲ್ಲೂ ಸಿಡಿಲು ಬಂತು. ಮೊದಲ ಗುಡುಗಿಗೇ ಮಗಳು ತನ್ನ ಪ್ಲಗ್ಗು ಕಿತ್ತು, ಮೆಟ್ಟಿಲು ಹತ್ತಿ ಹೋಗಿ ಟೀಚರ ಹೊಸ ಟಿವಿಯದ್ದನ್ನೂ ಕಿತ್ತು, ಅಲ್ಲೇ ಕೂತು ಅವರೊಡನೆ ಚಹಾ ಕುಡಿಯುತ್ತಿದ್ದಳಂತೆ. ನಾನು ಮಾತ್ರ ಬ್ಯಾಂಕಿನ ಕಿಟಕಿಯಲ್ಲಿ ನಿಂತು ಪೂರ್ವದ ಆಕಾಶ ನೋಡುತ್ತಿದ್ದೆ. ಫೋನಿನ ಮೇಲೆ ಕೈ ಇತ್ತು, ಅಂಗೈ ತಣ್ಣಗೆ ಬೆವರಿತ್ತು.